ಜಂತಿ ಕೊರೆಯುವ ಕರಿ ದುಂಬಿಯನ್ನು ಉಳಿಸಿಕೊಳ್ಳುವುದು ಹೇಗೆ

ನಮ್ಮದು ಚಿಂಚೋಳಿ ಕಡೆಯ ಹಳೇ ಜಂತಿ ಮನೆ. ಪಡಸಾಲೆಯ ತೊಲೆಯಲ್ಲಿ ಕಿರುಬೆರಳು ಸಲೀಸಾಗಿ ಹೋಗುವಷ್ಟು ಮೂರು ತೂತುಗಳಿದ್ದವು, ಬಡಿಗ್ಯಾರ ಬೈರಿಗೆಯಲ್ಲಿ ಕೊರೆದ ಹಾಗೆ ಗುಂಡಗೆ. ಕೆಳಗೆ ದಿನಾ ಒಂದು ಚಿಟಿಕೆ ಮರದ ಪುಡಿ ಬೀಳುತ್ತಿತ್ತು. "ಗುಂಗಿ ಹುಳ ತೊಲಿ ತಿಂದು ಹಾಕ್ಲಿಕತ್ತದ, ಏನರೆ ಮಾಡು" ಎಂದು ಕಾಕಾ ಬೆನ್ನು ಹತ್ತಿದ್ದರು. ಒಂದು ಬೇಸಿಗೆ ನಾನೇ ಏಣಿ ಹಾಕಿ, ಸೀಮೆಎಣ್ಣೆ ಬತ್ತಿ ತುರುಕಿ, ಮೇಲೆ ಸಿಮೆಂಟ್ ಮೆತ್ತಿದೆ. ಮರುದಿನ ಹೊರಗೆ ಹೋಗಿದ್ದ ದುಂಬಿಯೊಂದು ವಾಪಸ್ ಬಂತು. ಸಿಮೆಂಟಿಗೆ ತಲೆ ಗುದ್ದುತ್ತಾ, ಸ್ವಲ್ಪ ಹಿಂದೆ ಸರಿಯುತ್ತಾ, ಮತ್ತೆ ಅದೇ ಜಾಗಕ್ಕೆ ಬರುತ್ತಾ ಮಧ್ಯಾಹ್ನದವರೆಗೂ ಅಲ್ಲೇ ಇತ್ತು.

ಆ ವರ್ಷ ಅದಕ್ಕಿಂತ ಜಾಸ್ತಿ ಯೋಚನೆ ಮಾಡಲಿಲ್ಲ. ಎರಡು ಮೂರು ವರ್ಷ ಬಿಟ್ಟು ತೊಗರಿ ಹೂವಾದಾಗ ಹೊಲದಲ್ಲಿ ನಿಂತರೆ ಆ ದಪ್ಪ ಗುಂಯ್ ಸದ್ದೇ ಇಲ್ಲ. ಸಣ್ಣವನಿದ್ದಾಗ ಆ ಸದ್ದಿಗೆ ಹೆದರಿ ಸಾಲು ಬಿಟ್ಟು ಓಡುತ್ತಿದ್ದೆ. ಅದಕ್ಕೇ ಈಗ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಹೇಳುವ ಬಹಳಷ್ಟು ಕೆಲಸಕ್ಕೆ ದುಡ್ಡು ಬೇಕಿಲ್ಲ, ಕೆಲವಕ್ಕಂತೂ ಏನೂ ಮಾಡದೆ ಸುಮ್ನೆ ಬಿಟ್ಟರೆ ಸಾಕು.

ಮೊದಲು ಹುಳದ ಗುರುತು ಆಗಲಿ

ಕಪ್ಪಗೆ, ದಪ್ಪಗೆ, ಹೆಬ್ಬೆರಳ ತುದಿಯಷ್ಟು ದೊಡ್ಡದು. ಬಿಸಿಲು ಬಿದ್ದರೆ ರೆಕ್ಕೆ ನೇರಳೆಯೋ ನೀಲಿಯೋ ಅನ್ನುವ ಹಾಗೆ ಮಿಂಚುತ್ತದೆ. ಹೊಟ್ಟೆಯ ಮೇಲೆ ಕೂದಲು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಪಾಲಿಶ್ ಹಾಕಿದ ಬೂಟಿನ ಹಾಗೆ ಹೊಳೆಯುತ್ತದೆ. ಕೆಲವು ಜಾತಿಗಳಲ್ಲಿ ಎದೆಯ ಮೇಲೆ ಹಳದಿ ತುಪ್ಪಳ ಇರುತ್ತದೆ. ಪುಸ್ತಕದಲ್ಲಿ ಬಡಗಿ ಜೇನು ಅನ್ನುತ್ತಾರೆ, ವಿಜ್ಞಾನದ ಹೆಸರು ಕ್ಸೈಲೊಕೋಪಾ. ನಮ್ಮ ಕಡೆ ದುಂಬಿ, ಗುಂಗಿ ಹುಳ.

ಶಾಲೆಗೆ ಹೋಗುವ ಮಕ್ಕಳು ಇದನ್ನು ಬಂಬಲ್‌ಬೀ ಅನ್ನುತ್ತಾರೆ. ತಪ್ಪು, ಆದರೆ ಅವರ ತಪ್ಪಲ್ಲ, ಪಾಠದ ಚಿತ್ರದಲ್ಲಿ ಅದೇ ಇರುತ್ತದೆ. ಬಂಬಲ್‌ಬೀ ತಂಪು ಸೀಮೆಯದು. ಭಾರತದಲ್ಲಿ ಅದು ಹಿಮಾಲಯದ ಕಡೆಗೆ ಸಿಗುತ್ತದೆ, ದಕ್ಷಿಣದಲ್ಲಿ ಇಲ್ಲ. ಮೈತುಂಬ ಕೂದಲು ಹೊತ್ತುಕೊಂಡು ಕಲಬುರಗಿಯ ಮೇ ತಿಂಗಳಲ್ಲಿ ಬದುಕುವುದು ಯಾರಿಂದ ಸಾಧ್ಯ ಹೇಳಿ.

ಇನ್ನೊಂದು ಗೊಂದಲ ಕಣಜದ್ದು. ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ ಕಣಜದ ಹುಳವೂ ಇದೆ. ಅದು ಸಣ್ಣ ಸೊಂಟದ್ದು, ಗುಂಪಾಗಿ ಬಂದು ಕಚ್ಚುತ್ತದೆ, ಅದರ ಕೆಟ್ಟ ಹೆಸರು ಪಾಪ ದುಂಬಿಗೂ ಅಂಟಿಕೊಂಡಿದೆ. ಗೂಡಿನ ಹತ್ತಿರ ಹೋದಾಗ ನಿಮ್ಮ ಮುಖದ ಮುಂದೆ ಗಾಳಿಯಲ್ಲೇ ನಿಂತು ಗುರಾಯಿಸುವುದು ಸಾಮಾನ್ಯವಾಗಿ ಗಂಡು ದುಂಬಿ. ಅದಕ್ಕೆ ಮುಳ್ಳೇ ಇಲ್ಲ, ಬರೀ ಜೋರು. ಹೆಣ್ಣಿಗೆ ಮುಳ್ಳಿದೆ, ಆದರೆ ಕೈಯಲ್ಲಿ ಹಿಡಿದು ಹಿಚುಕದ ಹೊರತು ಚುಚ್ಚುವುದು ಅಪರೂಪ.

ಇದು ಮರ ತಿನ್ನುವುದಿಲ್ಲ. ಗೆದ್ದಲು ತಿನ್ನುತ್ತದೆ, ಇದು ಬರೀ ಕೊರೆದು ಪುಡಿಯನ್ನು ಹೊರಗೆ ತಳ್ಳುತ್ತದೆ. ಒಳಗೆ ಉದ್ದಕ್ಕೆ ಒಂದು ಓಣಿ ಮಾಡಿ, ಹೂವಿನ ಪುಡಿಯನ್ನು ಮಕರಂದದಲ್ಲಿ ಕಲಸಿ ಉಂಡೆ ಕಟ್ಟಿ, ಉಂಡೆಗೊಂದು ಮೊಟ್ಟೆ ಇಟ್ಟು, ಮರದ ಪುಡಿಯಿಂದಲೇ ಅಡ್ಡಗೋಡೆ ಹಾಕುತ್ತದೆ. ಆಮೇಲೆ ಮುಂದಿನ ಕೋಣೆ. ಹುಳಗಳ ಲೋಕದಲ್ಲಿ ಅತಿ ದೊಡ್ಡ ಮೊಟ್ಟೆಗಳು ಈ ದುಂಬಿಗಳ ಕುಲದವೇ, ಕೆಲವು ಜಾತಿಗಳಲ್ಲಿ ಒಂದೂವರೆ ಸೆಂಟಿಮೀಟರ್ ಉದ್ದ. ಅಷ್ಟು ದೊಡ್ಡ ಮೊಟ್ಟೆ ಇಡುವ ತಾಯಿ ಎಷ್ಟು ಇಟ್ಟೀತು? ಕೈಬೆರಳಲ್ಲಿ ಎಣಿಸುವಷ್ಟು. ಹೆಜ್ಜೇನಿನ ಹುಟ್ಟಿನಲ್ಲಿ ಸಾವಿರಗಟ್ಟಲೆ ಹುಳ ಇರುತ್ತವೆ, ನೂರು ಸತ್ತರೂ ಹುಟ್ಟು ನಡೆಯುತ್ತದೆ. ಇಲ್ಲಿ ಒಂದು ತಾಯಿ ಎಣ್ಣೆಗೆ, ಅಂದರೆ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ, ಸಿಕ್ಕಿ ಸತ್ತರೆ ಕಟ್ಟುತ್ತಿದ್ದ ಆ ಮನೆ ಅಲ್ಲಿಗೇ ನಿಂತಿತು.

ತೊಗರಿಗೆ ಇದರಿಂದ ಏನು ಲಾಭ

ಒಂದು ಹೂವು ಕಿತ್ತು ನೋಡಿ. ಹಿಂದೆ ಒಂದು ದೊಡ್ಡ ಹಳದಿ ಎಸಳು, ಪಕ್ಕಕ್ಕೆ ಎರಡು, ನಡುವೆ ದೋಣಿಯ ಹಾಗೆ ಮುಚ್ಚಿಕೊಂಡ ಜೋಡಿ ಎಸಳು. ಕೇಸರ ಇರುವುದು ಆ ದೋಣಿಯೊಳಗೆ. ಬೆರಳ ತುದಿಯಿಂದ ದೋಣಿಯನ್ನು ಕೆಳಗೆ ಒತ್ತಿದರೆ ಒಳಗಿದ್ದದ್ದು ಮೇಲೆ ಚಿಮ್ಮಿ ಬೆರಳಿಗೆ ಹಳದಿ ಪುಡಿ ಬಳಿಯುತ್ತದೆ. ದುಂಬಿ ಕೂತಾಗ ಆಗುವುದು ಇದೇ. ಅದರ ಭಾರಕ್ಕೆ ದೋಣಿ ಬಾಗುತ್ತದೆ, ಪುಡಿ ಹೊಟ್ಟೆಗೆ ತಾಗುತ್ತದೆ, ಮುಂದಿನ ಗಿಡಕ್ಕೆ ಹೋಗುತ್ತದೆ. ತೂಕವಿಲ್ಲದ ಸಣ್ಣ ನೊಣಗಳಿಂದ ಈ ಕೆಲಸ ಆಗುವುದಿಲ್ಲ. ದುಂಬಿ, ಎಲೆ ಕತ್ತರಿಸುವ ಜೇನು, ಹೆಜ್ಜೇನು, ಇವು ತೊಗರಿಯ ಮುಖ್ಯ ಆಳುಗಳು.

ದುಂಬಿ ಹೋದರೆ ತೊಗರಿಯೇ ಹೋಯಿತು ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ತೊಗರಿ ಹೂವು ತನ್ನಲ್ಲೇ ಕಾಯಿ ಕಟ್ಟಬಲ್ಲದು, ಬಹುಪಾಲು ಹಾಗೇ ಕಟ್ಟುತ್ತದೆ. ಆದರೆ ಬೇರೆ ಬೇಳೆಕಾಳಿಗೆ ಹೋಲಿಸಿದರೆ ಹುಳದ ಮೂಲಕ ಪರಾಗ ಬದಲಾಗುವುದು ತೊಗರಿಯಲ್ಲಿ ಜಾಸ್ತಿ. ಮನೆಬೀಜ ಇಟ್ಟುಕೊಳ್ಳುವವರಿಗೆ ಇದು ಗೊತ್ತು, ಎರಡು ತಳಿ ಪಕ್ಕಪಕ್ಕ ಹಾಕಿದರೆ ಮುಂದಿನ ವರ್ಷ ಬೆರಕೆ ಬರುತ್ತದೆ. ಬದನೆ, ಟೊಮ್ಯಾಟೊ, ನುಗ್ಗೆಯ ಲೆಕ್ಕ ಬೇರೆ. ಬದನೆ ಹೂವಿನ ಪುಡಿ ಕೊಳವೆಯಂಥ ಚೀಲದೊಳಗೆ ಇರುತ್ತದೆ, ಹಿಡಿದು ಗಡಗಡ ನಡುಗಿಸಿದರೆ ಮಾತ್ರ ಉದುರುತ್ತದೆ. ದುಂಬಿ ಹೂವನ್ನು ಅಪ್ಪಿ ಹಿಡಿದು ಗುಂಯ್ ಎಂದು ನಡುಗಿಸುತ್ತದೆ. ಪೆಟ್ಟಿಗೆ ಜೇನಿಗೆ ಈ ವಿದ್ಯೆ ಬರುವುದಿಲ್ಲ.

ಹತ್ತು ನಿಮಿಷ ಎಣಿಸಿ

ಏನೇ ಮಾಡುವ ಮೊದಲು ನಿಮ್ಮ ಹೊಲದಲ್ಲಿ ಎಷ್ಟಿವೆ ಎಂದು ನೋಡಿಕೊಳ್ಳಿ. ಅಕ್ಟೋಬರ್ ನಡುವಿನಿಂದ ನವೆಂಬರ್ ತನಕ, ತೊಗರಿ ತುಂಬು ಹೂವಿನಲ್ಲಿದ್ದಾಗ, ಮೋಡವಿಲ್ಲದ ದಿನ ಬೆಳಿಗ್ಗೆ 9ರಿಂದ 11ರ ಒಳಗೆ ಒಂದು ಸಾಲಿನ ಇಪ್ಪತ್ತು ಹೆಜ್ಜೆ ಗುರುತು ಮಾಡಿಕೊಂಡು ಹತ್ತು ನಿಮಿಷ ಅಲ್ಲೇ ನಿಲ್ಲಿ. ಬಂದ ದುಂಬಿ ಎಷ್ಟು, ಹೆಜ್ಜೇನು ಎಷ್ಟು, ಎಲೆ ಕತ್ತರಿಸುವ ಜೇನು ಎಷ್ಟು, ಬರೆದುಕೊಳ್ಳಿ. ಎಲೆ ಕತ್ತರಿಸುವ ಜೇನನ್ನು ಗುರುತಿಸುವುದು ಸುಲಭ. ಬೇರೆ ಜೇನು ಪುಡಿಯನ್ನು ಹಿಂಗಾಲಿಗೆ ಕಟ್ಟಿಕೊಂಡರೆ, ಇದಕ್ಕೆ ಹೊಟ್ಟೆಯ ಅಡಿಗೆ ಅರಿಶಿನ ಮೆತ್ತಿದ ಹಾಗೆ ಕಾಣುತ್ತದೆ. ವಾರಕ್ಕೊಮ್ಮೆ, ಅದೇ ಜಾಗ, ಅದೇ ಹೊತ್ತು. ಮುಂದಿನ ವರ್ಷವೂ ಅಷ್ಟೇ. ಒಂದೇ ದಿನದ ಲೆಕ್ಕಕ್ಕೆ ಬೆಲೆಯಿಲ್ಲ, ಗಾಳಿ ಜೋರಿದ್ದರೂ ಲೆಕ್ಕ ತಪ್ಪುತ್ತದೆ.

ಮನೆ ಕೊಡುವುದು

ಹಿಂದೆ ಹೊಲದ ಬೇಲಿಗೆ ಕಟ್ಟಿಗೆ ಕಂಬ, ದನದ ಕೊಟ್ಟಿಗೆಗೆ ಬಿದಿರು ಗಳ, ಬದುವಿನ ಮೇಲೆ ಅರ್ಧ ಒಣಗಿದ ಮಾವೋ ಬೇವೋ ಇರುತ್ತಿತ್ತು. ಈಗ ಕಲ್ಲುಕಂಬ, ತಗಡು, ಕಬ್ಬಿಣದ ಪೈಪು. ಒಣ ಮರ ಕಂಡ ಕೂಡಲೇ ಉರುವಲಿಗೆ ಹೋಗುತ್ತದೆ. ದುಂಬಿ ನಮ್ಮ ಜಂತಿಗೆ ಬರುವುದು ಅದಕ್ಕೇ, ಊರಲ್ಲಿ ಉಳಿದಿರುವ ಒಣ ಮರ ನಮ್ಮ ತೊಲೆ ಮಾತ್ರ.

ಹಾಗಾಗಿ ಮೊದಲ ಕೆಲಸ ಒಂದು ಒಣಗಿದ ಮರವನ್ನು, ಇಲ್ಲಾ ಒಂದು ದಪ್ಪ ಕೊಂಬೆಯನ್ನಾದರೂ, ಕಡಿಯದೆ ಬಿಡುವುದು. ದಾರಿಯ ಮೇಲೆ ಬೀಳುವ ಹಾಗಿದ್ದರೆ ಬೇಡ. ಬದುವಿನ ಮೂಲೆಯಲ್ಲಿದ್ದರೆ ಅದರ ಪಾಡಿಗೆ ಇರಲಿ. ಕೊಳೆತದ್ದು ಆಗದು, ಗಟ್ಟಿಯಾಗಿ ಒಣಗಿರಬೇಕು.

ಮರ ಇಲ್ಲದವರು ಬಿದಿರು ಕಟ್ಟಿ. ಪೇಟೆಯಲ್ಲಿ ಏಣಿ ಮಾಡುವವರ ಹತ್ತಿರ ತುಂಡು ಸಿಗುತ್ತವೆ. ಒಂದೊಂದು ತುಂಡು ಒಂದು ಗೇಣು, ಒಂದೂಕಾಲು ಗೇಣು ಉದ್ದ. ಒಂದು ಕಡೆ ಗೆಣ್ಣು ಮುಚ್ಚಿರಬೇಕು, ಇನ್ನೊಂದು ಕಡೆ ತೆರೆದಿರಬೇಕು. ದುಂಬಿಗೆ ಒಳಗಿನ ತೂತು 12ರಿಂದ 16 ಮಿಲಿಮೀಟರ್ ಇರಲಿ. ಅದರ ಜೊತೆ 6ರಿಂದ 8 ಮಿಲಿಮೀಟರಿನ ಸಣ್ಣ ಕೊಳವೆಗಳನ್ನೂ ಸೇರಿಸಿದರೆ ಎಲೆ ಕತ್ತರಿಸುವ ಜೇನೂ ಬರುತ್ತದೆ. ಕತ್ತರಿಸಿದ ಬಾಯಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸಿಬಿರು ಇದ್ದರೆ ರೆಕ್ಕೆ ಹರಿಯುತ್ತದೆ. ಹತ್ತು ಹನ್ನೆರಡು ತುಂಡು ಸೇರಿಸಿ ತಂತಿಯಲ್ಲಿ ಬಿಗಿಯಾಗಿ ಕಟ್ಟಿ, ಎದೆಮಟ್ಟಕ್ಕಿಂತ ಮೇಲೆ, ಬಾಯಿ ಪೂರ್ವಕ್ಕೆ ಬರುವಂತೆ ಅಡ್ಡಲಾಗಿ ಕೂರಿಸಿ. ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ್ದು ಬೀಳಬಾರದು. ನಮ್ಮ ಬೇಸಿಗೆಯಲ್ಲಿ 42, 43 ಡಿಗ್ರಿ ಮಾಮೂಲು, ಬಿಸಿಲಿಗೆ ಒಡ್ಡಿದ ಬಿದಿರಿನಲ್ಲಿ ಮರಿ ಬೆಂದೇ ಹೋಗುತ್ತದೆ. ಮೇಲೊಂದು ಹಳೇ ಹೆಂಚು ಇಟ್ಟರೆ ಮಳೆಗೂ ಆಯಿತು, ಬಿಸಿಲಿಗೂ ಆಯಿತು. ಗಾಳಿಗೆ ತೂಗಾಡುವ ಹಾಗೆ ನೇತು ಹಾಕಬೇಡಿ. ನಾನು ಮೊದಲ ಸಲ ಚೆಂದ ಕಾಣಲಿ ಅಂತ ತೊಟ್ಟಿಲಿನ ಹಾಗೆ ತೂಗುಹಾಕಿದ್ದೆ, ಒಂದೂ ಬರಲಿಲ್ಲ, ಇರುವೆ ಮಾತ್ರ ಸಂಸಾರ ಹೂಡಿತು. ಇರುವೆಗೆ ಕಂಬದ ಕೆಳಗೆ ಎರಡು ಬೆರಳು ಅಗಲ ಗ್ರೀಸ್ ಬಳಿದರೆ ಸಾಕು.

ಎಲೆ ಕತ್ತರಿಸುವ ಜೇನಿನ ಬಗ್ಗೆ ಒಂದು ಮಾತು. ತೊಗರಿಯದ್ದೋ ಗುಲಾಬಿಯದ್ದೋ ಎಲೆಯ ಅಂಚಿನಲ್ಲಿ ನಾಣ್ಯ ಇಟ್ಟು ಕತ್ತರಿಸಿದ ಹಾಗೆ ಗುಂಡಗೆ ಕಚ್ಚು ಕಂಡರೆ ಅದು ಕೀಡೆಯ ಕೆಲಸವಲ್ಲ, ಎಣ್ಣೆ ತರಲು ಓಡಬೇಡಿ. ಕೀಡೆ ತಿಂದರೆ ಅಂಕುಡೊಂಕಾಗಿ ತಿಂದು ಹಿಕ್ಕೆ ಬಿಟ್ಟಿರುತ್ತದೆ. ಈ ಜೇನು ಎಲೆಯ ತುಂಡನ್ನು ಸುರುಳಿ ಸುತ್ತಿ, ಥೇಟ್ ಬೀಡಿಯ ಹಾಗೆ ಮಾಡಿ, ಅದರೊಳಗೆ ಮೊಟ್ಟೆ ಇಡುತ್ತದೆ.

ಬೀದರ್ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಮಣ್ಣು ಮೆತ್ತಿ ಕಟ್ಟಿದ ಕೆಂಪು ಜಂಬಿಟ್ಟಿಗೆ ಗೋಡೆಗಳು ಇನ್ನೂ ನಿಂತಿವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಜೇನು ಇಂಥ ಗೋಡೆಯ ಸಂದಿನ ಮಣ್ಣಿನಲ್ಲಿ, ಗಟ್ಟಿ ನೆಲದಲ್ಲಿ ತೂತು ಮಾಡುತ್ತದೆ, ಅದೂ ಬದನೆ ಹೂವು ನಡುಗಿಸುವ ಜಾತಿಯೇ. ಮನೆಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿದರೂ ಕೊಟ್ಟಿಗೆಯ ಒಂದು ಗೋಡೆ ಹಾಗೇ ಬಿಡಿ.

ವರ್ಷಪೂರ್ತಿ ಹೂವು

ಬ್ರಿಟನ್ನಿನ ಗುಡ್ಡಗಾಡಿನಲ್ಲಿ ಬಿಲ್‌ಬೆರಿ ಬಂಬಲ್‌ಬೀ ಅಂತ ಒಂದಿದೆ, ಹಿಂಭಾಗ ಕೆಂಡದ ಬಣ್ಣ. ಕಡಿಮೆಯಾಗುತ್ತಾ ಬಂದಿರುವ ಜಾತಿ. ವಸಂತದ ಶುರುವಿಗೆ ಅದಕ್ಕೆ ಒಂದು ಬಗೆಯ ಹೂವು ಬೇಕು, ಆಮೇಲೆ ಬಿಲ್‌ಬೆರಿ ಅನ್ನುವ ಕುರುಚಲು ಗಿಡದ ಹೂವು ಬೇಕು, ಬೇಸಿಗೆಯಲ್ಲಿ ಹೆದರ್ ಪೊದೆಯ ಹೂವು ಬೇಕು. ಮೂರರಲ್ಲಿ ಒಂದು ತಪ್ಪಿದರೂ ಕಷ್ಟ. ನಮ್ಮ ದುಂಬಿಯ ಪಾಡೂ ಹೀಗೇ. ಅಕ್ಟೋಬರಿನಲ್ಲಿ ಕಣ್ಣು ಹಾಯಿಸಿದಷ್ಟೂ ತೊಗರಿ ಹೂವು, ಹಬ್ಬದೂಟ. ರಾಶಿ ಮುಗಿದು ಫೆಬ್ರವರಿ ದಾಟಿದರೆ ಹೊಲದಲ್ಲಿ ಕೂಳೆ ಬಿಟ್ಟು ಏನಿದೆ?

ಈ ಬೇಸಿಗೆಯ ಹಸಿವನ್ನು ನೀಗಿಸುವುದು ಎಕ್ಕೆ. ದನ ಮುಟ್ಟುವುದಿಲ್ಲ, ನೀರು ಕೇಳುವುದಿಲ್ಲ, ವರ್ಷವಿಡೀ ಹೂವು. ಎಕ್ಕೆ ಹೂವಿಗೂ ದುಂಬಿಗೂ ಬಹಳ ಹಳೆಯ ನಂಟು, ಆ ಗಿಡದ ಪರಾಗ ಸಾಗಿಸುವ ಮುಖ್ಯ ಹುಳವೇ ಇದು. ಶನಿವಾರ ಹನುಮಪ್ಪನಿಗೆ ಎಕ್ಕೆ ಹೂವಿನ ಹಾರ ಹಾಕುತ್ತೇವೆ, ಭಾನುವಾರ ಜೆಸಿಬಿ ತಂದು ಹೊಲದ ದಾರಿಯ ಎಕ್ಕೆಯನ್ನೆಲ್ಲ ಬೇರುಸಹಿತ ಕೀಳಿಸುತ್ತೇವೆ. ದಾರಿ ಅಗಲ ಮಾಡಿಸಿ, ಬೇಡ ಅನ್ನುವುದಿಲ್ಲ, ಒಂದು ಮಗ್ಗುಲು ಮಾತ್ರ ಮಾಡಿಸಿ.

ಎಕ್ಕೆಯ ಜೊತೆಗೆ ಬದುವಿನಲ್ಲಿ ಎರಡು ಹೊಂಗೆ, ಎರಡು ನುಗ್ಗೆ ಇದ್ದರೆ ಬೇಸಿಗೆ ಕಳೆಯುತ್ತದೆ. ಮಳೆಗಾಲಕ್ಕೆ ತಂಗಡಿ, ಎಳ್ಳು, ಸೂರ್ಯಪಾನ (ಸೂರ್ಯಕಾಂತಿ), ಮನೆ ಹಿಂದಿನ ಬದನೆ, ಹೀರೆ. ತೊಗರಿ ಬಿತ್ತುವಾಗ ನಮ್ಮ ಹಿರಿಯರು ಅಕ್ಕಡಿ ಸಾಲು ಬಿಡುತ್ತಿದ್ದರಲ್ಲ, ಅದನ್ನು ಮತ್ತೆ ಶುರು ಮಾಡಿ. ಹೊಲದ ಅಂಚಿಗೆ ಎರಡು ಸಾಲು ಪುಂಡಿ, ಒಂದು ಸಾಲು ಸಣಬು. ಪುಂಡಿ ಪಲ್ಯಕ್ಕೂ ಆಯಿತು, ಸಣಬಿನ ಹಳದಿ ಹೂವು ಕಂಡರೆ ದುಂಬಿ ಬಿಡುವುದಿಲ್ಲ. ಹಿಂಗಾರಿಗೆ ಜೋಳದ ಸುತ್ತ ಕುಸುಬೆ ಹಾಕುವ ರೂಢಿ ಇನ್ನೂ ಕೆಲವರಲ್ಲಿದೆ, ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ, ಹೂವು ಜೇನಿಗೆ. ಮತ್ತೆ ಮಾರ್ಚ್, ಏಪ್ರಿಲ್‌ನಲ್ಲಿ ಬದುವಿನ ಹುಲ್ಲಿಗೆ ಬೆಂಕಿ ಹಚ್ಚುವುದು ಬೇಡ. ಒಣ ಕಡ್ಡಿಯೊಳಗೆ, ಬದುವಿನ ಮಣ್ಣಿನೊಳಗೆ ಯಾರದೋ ಮನೆ ಇರುತ್ತದೆ.

ಎಣ್ಣೆ ಹೊಡೆಯುವ ವಿಷಯ

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಬಿದಿರು, ಎಕ್ಕೆ ಎಲ್ಲ ಮಾಡಿ ಇದೊಂದರಲ್ಲಿ ತಪ್ಪಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಎಣ್ಣೆ ಹೊಡೆಯಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಹಸಿರು ಕೀಡೆ ಬಿದ್ದ ವರ್ಷ ಕಾಯಿಗೆ ತೂತು ಬಿದ್ದು ಬರೀ ಸಿಪ್ಪೆ ಕಟಾವು ಮಾಡಿದವನು ನಾನೂ ಹೌದು. ಆದರೆ ಕೀಡೆ ಬೀಳುವ ಹೊತ್ತು, ದುಂಬಿ ಬರುವ ಹೊತ್ತು ಎರಡೂ ಒಂದೇ, ಹೂವಿನ ಹೊತ್ತು. ಅಲ್ಲೇ ಎಲ್ಲ ತಾಪತ್ರಯ.

ಪಕ್ಕದ ಹೊಲದವರು ಹೊಡೆದರು ಅಂತ ಹೊಡೆಯಬೇಡಿ. ಎಕರೆಗೆ ನಾಲ್ಕು ಮೋಹಕ ಬಲೆ (ವಾಸನೆಯಿಂದ ಪತಂಗವನ್ನು ಸೆಳೆದು ಹಿಡಿಯುವ ಬಲೆ) ಹಾಕಿ ಕೀಡೆಯ ಪತಂಗ ಬೀಳುತ್ತಿದೆಯಾ ನೋಡಿ. ಗಿಡಕ್ಕೊಂದು ಮರಿಕೀಡೆಯೂ ಇಲ್ಲದಿದ್ದರೆ ಕಾಯಬಹುದು. ಮೊಟ್ಟೆ ಕಂಡ ಹಂತದಲ್ಲೇ ಬೇವಿನ ಬೀಜದ ಕಷಾಯ ಸಾಕು, 5 ಕಿಲೋ ಬೀಜದ ಪುಡಿಗೆ 100 ಲೀಟರ್ ನೀರಿನ ಲೆಕ್ಕ. ಕೀಡೆ ದೊಡ್ಡದಾಗಿದ್ದರೆ ನಮ್ಮ ಜಿಲ್ಲೆಯವರದೇ ಹಳೇ ಉಪಾಯ ಇದೆಯಲ್ಲ, ಇಬ್ಬರು ಸಾಲಿನ ನಡುವೆ ತಾಡಪತ್ರಿ ಹಿಡಿಯುವುದು, ಒಬ್ಬರು ಗಿಡ ಬಾಗಿಸಿ ಜಾಡಿಸುವುದು, ಬಿದ್ದದ್ದನ್ನು ಕೋಳಿಗೆ ಹಾಕುವುದು. ದೊಡ್ಡ ಕೀಡೆ ಎಣ್ಣೆಗೂ ಜಗ್ಗುವುದಿಲ್ಲ, ಜಾಡಿಸಿದರೆ ಉದುರುತ್ತದೆ. ಕೂಲಿ ಖರ್ಚು ಇದೆ, ಹೌದು. ಎರಡು ಸಲದ ಎಣ್ಣೆಯ ಬಿಲ್ಲಿನ ಪಕ್ಕ ಇಟ್ಟು ನೋಡಿ.

ಹೊಡೆಯಲೇಬೇಕಾದರೆ ಹೊತ್ತು ಮುಳುಗಿದ ಮೇಲೆ ಹೊಡೆಯಿರಿ. ಬೆಳಿಗ್ಗೆ ಬೇಗ ಹೊಡೆದರೆ ಜೇನಿಗೆ ತೊಂದರೆ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಪೆಟ್ಟಿಗೆ ಜೇನಿಗೆ ಅದು ಸ್ವಲ್ಪ ಸರಿ ಇರಬಹುದು, ದುಂಬಿ ಮಾತ್ರ ಇನ್ನೂ ಮಬ್ಬು ಇರುವಾಗಲೇ ಕೆಲಸಕ್ಕೆ ಹೊರಡುತ್ತದೆ. ಸಂಜೆ ಹೊಡೆದರೆ ರಾತ್ರಿಯಿಡೀ ಒಣಗಲು ಹೊತ್ತು ಸಿಗುತ್ತದೆ, ಮತ್ತೆ ಕೀಡೆಯೂ ತಂಪು ಹೊತ್ತಿನಲ್ಲಿ ಮೇಲೆ ಬಂದಿರುತ್ತದೆ.

ಡಬ್ಬಿಯ ಮೇಲಿನ ತ್ರಿಕೋನ ನೋಡಿ ಮೋಸ ಹೋಗಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಹೇಳುವುದು ಮನುಷ್ಯನಿಗೆ, ದನಕರುಗಳಿಗೆ ಎಷ್ಟು ವಿಷ ಎಂಬುದನ್ನು. ಜೇನಿಗೂ ಆ ಬಣ್ಣಕ್ಕೂ ಸಂಬಂಧವಿಲ್ಲ, ಹಸಿರು ಇದ್ದರೂ ಜೇನಿಗೆ ವಿಷ ಆಗಬಹುದು. ಇಮಿಡಾಕ್ಲೋಪ್ರಿಡ್, ಎಮಾಮೆಕ್ಟಿನ್ ಬೆಂಜೊಯೇಟ್, ಪ್ರೊಫೆನೊಫಾಸ್ ಇವು ಜೇನಿಗೆ ಕಡು ವಿಷ, ತುಂಬು ಹೂವಿನಲ್ಲಿ ಇವನ್ನು ಮುಟ್ಟದಿದ್ದರೆ ಒಳ್ಳೆಯದು. ಕ್ಲೋರಾಂಟ್ರಾನಿಲಿಪ್ರೋಲ್ ಜೇನಿಗೆ ಅವುಗಳಷ್ಟು ಅಪಾಯವಲ್ಲ, ಬೆಲೆ ಜಾಸ್ತಿ. ಡಬ್ಬಿಯೊಳಗಿನ ಚೀಟಿಯಲ್ಲಿ ಜೇನಿನ ಬಗ್ಗೆ ಒಂದು ಸಾಲಾದರೂ ಇರುತ್ತದೆ, ಅಕ್ಷರ ಇರುವೆ ಗಾತ್ರದ್ದು, ಮಕ್ಕಳ ಕೈಯಲ್ಲಿ ಓದಿಸಿ.

ಇನ್ನು ಕಲಬೆರಕೆಯ ಚಟ. ತೊಗರಿ ಅರ್ಧ ಹೂವಾದಾಗ ಹೂವು ಉದುರದಿರಲಿ ಅಂತ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಹೊಡೆಯುತ್ತೇವೆ. ಅದು ಪೋಷಕಾಂಶ, ಅದರ ಪಾಡಿಗೆ ಅದು ಒಳ್ಳೆಯದೇ. ಒಮ್ಮೆ ಅಂಗಡಿಯವನೊಬ್ಬ "ಸರ್, ಇದರಾಗೇ ಕೀಡಿ ಎಣ್ಣಿ, ರೋಗದ ಎಣ್ಣಿ ಎರಡೂ ಹಾಕ್ರಿ, ಒಂದೇ ಕೂಲಿನಾಗ ಮುಗೀತದ" ಅಂದ. ನಾನೂ ಹಾಕಿದೆ, ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆ. ಹತ್ತೂವರೆಗೆ ಸಾಲಿನಲ್ಲಿ ಒಂದು ಹೆಣ್ಣು ದುಂಬಿ ಅಂಗಾತ ಬಿದ್ದು, ಹಿಂಗಾಲಿನ ಹಳದಿ ಪುಡಿ ಹಾಗೇ ಇದ್ದು, ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇತ್ತು. ಕೂಲಿ ಉಳಿದದ್ದು ನಿಜ. ಅಂದಿನಿಂದ ಹೂವಿನ ಟಾನಿಕ್ ಬೇರೆ ದಿನ, ಎಣ್ಣೆ ಬೇರೆ ದಿನ, ಅದೂ ಬೇಕಾದರೆ ಮಾತ್ರ. ಪಂಪ್ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲುವುದೂ ಬಿಟ್ಟೆ.

ಜಂತಿ ಕೊರೆಯುತ್ತಿದ್ದರೆ

ಮೊದಲು ಆ ತೊಲೆಯ ಹತ್ತಿರವೇ, ಹೊರಗಡೆ ಗೋಡೆಗೆ ಬಿದಿರು ಕಟ್ಟು ಅಥವಾ ಒಂದು ಒಣ ಮಾವಿನ ತುಂಡು ಕೂರಿಸಿ. ಆಮೇಲೆ ತೂತನ್ನು ನಾಲ್ಕೈದು ದಿನ ಸಂಜೆ ಹೊತ್ತು ಗಮನಿಸಿ. ಯಾರೂ ಒಳಗೆ ಹೋಗುತ್ತಿಲ್ಲ, ಕೆಳಗೆ ಹೊಸ ಪುಡಿ ಬೀಳುತ್ತಿಲ್ಲ ಅಂದರೆ ಖಾಲಿ ಇರಬಹುದು. ಆದರೆ ಒಳಗೆ ಮರಿ ಇರುವ ಸಾಧ್ಯತೆಯೂ ಇದೆ, ಅದಕ್ಕೆ ಇನ್ನೂ ಎರಡು ತಿಂಗಳು ಬಿಟ್ಟು ಮುಚ್ಚಿ. ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಿದರೆ ಗಟ್ಟಿ ನಿಲ್ಲುತ್ತದೆ. ಮೇಲೆ ಎರಡು ಕೈ ಬಣ್ಣ ಹೊಡೆಸಿ, ಬಣ್ಣದ ಮರವನ್ನು ದುಂಬಿ ಸಾಮಾನ್ಯವಾಗಿ ಕೊರೆಯುವುದಿಲ್ಲ. ಒಂದೆರಡು ತೂತಿಗೆ ತೊಲೆ ಬೀಳುವುದಿಲ್ಲ. ವರ್ಷಗಟ್ಟಲೆ ಅದೇ ಜಾಗ ಕೊರೆದು ಕೊರೆದು ಜರಡಿಯಾಗಿದ್ದರೆ ಬಡಿಗ್ಯಾರನ್ನು ಕರೆಸಿ ತೋರಿಸಿ.

ನಮ್ಮ ಮನೆಯಲ್ಲಿ ಈಗ ಕೊಟ್ಟಿಗೆಯ ಗೋಡೆಗೆ ಎರಡು ಕಟ್ಟು ಬಿದಿರು ಇವೆ. ಮೊದಲ ವರ್ಷ ಖಾಲಿ. ಎರಡನೇ ವರ್ಷ ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೊರಟಾಗ, ಭಜ್ಜಿ ಬುಟ್ಟಿ ತಲೆಯ ಮೇಲಿಟ್ಟುಕೊಂಡಿದ್ದ ಕಾಕಿ ಥಟ್ಟನೆ ನಿಂತು, "ಏ, ನಿನ್ನ ಗಳದಾಗ ಯಾರೋ ಗಿರಣಿ ಹಾಕ್ಯಾರ ನೋಡು" ಅಂದರು. ಮೂರನೇ ಕೊಳವೆಯಿಂದ ಕಿರ್ ಕಿರ್ ಸದ್ದು ಬರುತ್ತಿತ್ತು, ಕೆಳಗೆ ಎಮ್ಮೆಯ ಬೆನ್ನಿನ ಮೇಲೆ ಬಿಳಿ ಪುಡಿ ಬಿದ್ದಿತ್ತು.